ಬೆಳೆ, ಬೇಳೆ ಮತ್ತು ಒಂದು ರಬ್ಬರ್ ಬ್ಯಾಂಡ್

ಕೇಳುಗರಿಗೆ ನಮಸ್ಕಾರ.

ಮುಂಬಯಿಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಹತ್ತಾರು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಕೆಲವರ ಮನೆಯಲ್ಲಿ ತುಳು, ಕೆಲವರ ಮನೆಯಲ್ಲಿ ಧಾರವಾಡದ ಕಡೆಯ ಕನ್ನಡ. ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ. ಕನ್ನಡ ಓದುವುದು ವಾರಕ್ಕೆ ಒಂದೇ ದಿನ.

ಒಮ್ಮೆ ಬೋರ್ಡಿನ ಮೇಲೆ ‘ಬೆಳೆ’, ‘ಬೇಳೆ’ ಅಂತ ಬರೆದೆ. ಒಬ್ಬ ಹುಡುಗಿ ಎರಡನ್ನೂ ಬೇಳೆ ಅಂತಲೇ ಓದಿದಳು. ಮತ್ತೆ ಹೇಳಿಸಿದೆ. ಹತ್ತು ಸಲ ಹೇಳಿಸಿದೆ. ಕೊನೆಗೆ ನನ್ನ ದನಿ ಏರಿತು, ಅವಳ ಬಾಯಿ ಮುಚ್ಚಿತು. ಅವತ್ತು ಅವಳು ಮತ್ತೆ ಮಾತಾಡಲಿಲ್ಲ.

ಮನೆಗೆ ಹೋಗುವಾಗ ರೈಲಿನಲ್ಲಿ ಹೊಳೆಯಿತು. ಅವಳು ಶಾಲೆಯಲ್ಲಿ ಕಲಿತ ದೇವನಾಗರಿಯಲ್ಲಿ ಎ, ಏ ಎರಡಕ್ಕೂ ಇರುವುದು ಒಂದೇ ಅಕ್ಷರ. ಒ, ಓ ಕೂಡ ಹಾಗೇ. ಆ ಲಿಪಿಯಲ್ಲಿ ಬೆಳೆ, ಬೇಳೆ ಬರೆದರೆ ಎರಡೂ ಒಂದೇ ತರ ಕಾಣುತ್ತವೆ. ತಪ್ಪು ಅವಳದಲ್ಲ, ಅಲ್ವಾ?

ಮುಂದಿನ ವಾರ ಒಂದು ರಬ್ಬರ್ ಬ್ಯಾಂಡ್ ತಂದು ಅವಳ ಎರಡು ಬೆರಳಿಗೆ ಸಿಕ್ಕಿಸಿದೆ. ‘ಬೆ’ ಅಂದಾಗ ಸಡಿಲ ಬಿಡು, ‘ಬೇ’ ಅಂದಾಗ ಎಳೆ. ನಾಲ್ಕನೇ ಸಲಕ್ಕೆ ಬೆರಳು ಸರಿಯಾಗಿ ಎಳೆಯಿತು. ಆಮೇಲೆ ನಾಲಿಗೆಯೂ ಸರಿಹೋಯಿತು.

ಪಕ್ಕದಲ್ಲಿ ಕೂರುವ ಹುಡುಗನ ಮನೆಮಾತು ತುಳು. ತುಳುವಿನಲ್ಲಿ ಎ, ಏ ಎರಡೂ ಉಂಟು. ಹಾಗಾಗಿ ಅವನ ಕಿವಿಗೆ ಈ ತೊಂದರೆಯೇ ಇಲ್ಲ. ಅವನ ಕಷ್ಟ ಒತ್ತಕ್ಷರದ್ದು. ‘ಅಮ್ಮ’ ಬರೆಯಲು ಹೇಳಿದರೆ ‘ಅಮಮ’ ಬರೆಯುತ್ತಿದ್ದ. ದೇವನಾಗರಿಯಲ್ಲಿ ಹೆಚ್ಚಾಗಿ ಅರ್ಧ ಅಕ್ಷರ ಪಕ್ಕದಲ್ಲಿ ನಿಲ್ಲುತ್ತದೆ, ನಮ್ಮಲ್ಲಿ ಎರಡನೆಯದು ಕೆಳಗೆ ಇಳಿಯುತ್ತದೆ. “ಇದು ಚಾಳ್ ಇದ್ದ ಹಾಗೆ, ಒಬ್ಬರು ಮೇಲಿನ ಮನೆ, ಒಬ್ಬರು ಕೆಳಗಿನ ಮನೆ” ಅಂದೆ. ಚಾಳ್ ಅಂದರೆ ಮುಂಬಯಿಯ ಮಹಡಿಯಿರುವ ಸಾಲುಮನೆ. ತಟ್ಟೆಯಲ್ಲಿ ರವೆ ಹರಡಿಕೊಟ್ಟೆ. ಬೆರಳಲ್ಲಿ ಬರೆದ, ಅಳಿಸಿದ, ಮತ್ತೆ ಬರೆದ.

ಮಕ್ಕಳು ಕಲಿಯುವ ರೀತಿ ಬೇರೆ ಬೇರೆ ಅಂತ ಬಹಳ ಜನ ಹೇಳಿದ್ದಾರೆ. ನ್ಯೂಜಿಲೆಂಡಿನ ಶಿಕ್ಷಕ ನೀಲ್ ಫ್ಲೆಮಿಂಗ್ 1992ರಲ್ಲಿ ನಾಲ್ಕು ಬಗೆ ಮಾಡಿದರು: ನೋಡಿ, ಕೇಳಿ, ಓದಿ-ಬರೆದು, ಕೈಯಾರೆ ಮಾಡಿ. ಆದರೆ 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನು ತಿರುವಿಹಾಕಿದರು. ಮಕ್ಕಳನ್ನು ಹೀಗೆ ವಿಂಗಡಿಸಿ, ಅವರವರ ಬಗೆಗೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಅನ್ನಲು ಸಾಕಷ್ಟು ಪುರಾವೆ ಇಲ್ಲ ಅಂದರು.

ನನ್ನ ತರಗತಿಯೂ ಅದನ್ನೇ ಹೇಳುತ್ತದೆ. ರಬ್ಬರ್ ಬ್ಯಾಂಡಿನ ಆ ಹುಡುಗಿ ಪದ್ಯವನ್ನು ಮಾತ್ರ ಎರಡು ಸಲ ಕೇಳಿದರೆ ಸಾಕು, ಬಾಯಿಪಾಠ. ಹಾಗಾದರೆ ಅವಳು ಕೈಯವಳೋ, ಕಿವಿಯವಳೋ? ಆ ಹೊತ್ತಿಗೆ ಯಾವುದು ಬೇಕೋ ಅದರವಳು. ಹಾಗಾಗಿ ಈಗ ಯಾವ ಪಾಠವನ್ನೂ ಒಂದೇ ದಾರಿಯಲ್ಲಿ ಮಾಡುವುದಿಲ್ಲ. ಎಲ್ಲರೂ ರಬ್ಬರ್ ಬ್ಯಾಂಡ್ ಎಳೆಯುತ್ತಾರೆ, ಎಲ್ಲರೂ ರವೆಯಲ್ಲಿ ಬರೆಯುತ್ತಾರೆ, ಎಲ್ಲರೂ ಗಟ್ಟಿಯಾಗಿ ಓದುತ್ತಾರೆ. ಗಲಾಟೆ ಜಾಸ್ತಿ ಆಗುತ್ತದೆ. ಆಗಲಿ ಬಿಡಿ.

ಅಪ್ಪ-ಅಮ್ಮಂದಿರಲ್ಲಿ ಒಂದು ಮಾತು. “ನಮ್ಮವನಿಗೆ ಓದೋದು ಆಗಲ್ಲ, ಅವನು ನೋಡಿ ಕಲಿಯೋನು” ಅಂತ ಮಗುವಿನ ಎದುರಲ್ಲಿ ಹೇಳಬೇಡಿ. ಅದು ಅದನ್ನೇ ನಂಬಿ ಪುಸ್ತಕ ಮುಚ್ಚಿಡುತ್ತದೆ. ಅದರ ಬದಲು ಇವತ್ತು ಸಾರಿಗೆ ಬೇಳೆ ತೊಳೆಯುವಾಗ ಹತ್ತಿರ ಕರೆಯಿರಿ. ನಾಲ್ಕು ಕಾಳು ಅಂಗೈಗೆ ಹಾಕಿ. ಹೊಲದಲ್ಲಿ ಇರುವಾಗ ಇದು ಬೆಳೆ, ನಮ್ಮ ಡಬ್ಬಿಗೆ ಬಂದಾಗ ಬೇಳೆ ಅಂತ ಹೇಳಿ. ಹೇಳುವಾಗ ‘ಬೇ’ಯನ್ನು ಸ್ವಲ್ಪ ಎಳೆಯಿರಿ.

ನಮಸ್ಕಾರ.