ಅಲಮೇರ್ ಜಲಪಾತ: ಯಾವ ದಾರಿ, ಯಾವ ಹೊತ್ತು

ಎಲ್ಲರಿಗೂ ನಮಸ್ಕಾರ.

ನಾಲ್ಕು ದಿನ ಮಳೆ ಬಿದ್ದರೆ ಸಾಕು, ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫೋಟೋ ಓಡಾಡಲು ಶುರುವಾಗುತ್ತದೆ. ಗೋಡೆಯಂತೆ ಕಡಿದಾಗಿ ನಿಂತ ಧರೆಯ ಮೇಲಿಂದ ನೀರು ನೇರ ಸಮುದ್ರದ ಮರಳಿಗೆ ಬೀಳುತ್ತಿರುತ್ತದೆ. ಕೆಳಗೆ ಒಂದು ಸಾಲು: ‘ಈ ವೀಕೆಂಡ್ ಯಾರ್ಯಾರು ಬರ್ತೀರಿ?’ ಅದೇ ಪಾಯಿಂಟ್ ರೇಯ್ಸ್ ರಾಷ್ಟ್ರೀಯ ಕಡಲತೀರ ಪಾರ್ಕಿನ ಅಲಮೇರ್ ಫಾಲ್ಸ್. ಎತ್ತರ ಸುಮಾರು 40 ಅಡಿ. ಜೋಗ ನೋಡಿದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಹೀಗೆ ಕಡಲತಡಿಗೇ ಬಂದು ಬೀಳುವ ಜಲಪಾತಗಳು ತೀರಾ ಕಡಿಮೆ.

ಹೋಗಬೇಡಿ ಅನ್ನಲು ನಾನು ಬಂದಿಲ್ಲ. ಖಂಡಿತ ಹೋಗಿ. ಯಾವ ದಾರಿಯಲ್ಲಿ ಹೋಗಬೇಕು, ಯಾವ ಹೊತ್ತಿಗೆ ತಲುಪಬೇಕು, ಇವೆರಡು ಮಾತ್ರ ಮನೆಯಲ್ಲೇ ತೀರ್ಮಾನ ಆಗಿರಲಿ. ಅಲ್ಲಿಗೆ ಹೋಗಿ ಸುಸ್ತಾಗಿ ನಿಂತಾಗ ಸರಿಯಾದ ತೀರ್ಮಾನ ಆಗುವುದಿಲ್ಲ.

ಮೊದಲು ದಾರಿ. ಬೋಲಿನಾಸ್ ಊರು ದಾಟಿ ಮೇಸಾ ರೋಡಿನ ಕೊನೆಯಲ್ಲಿ, ನಡಿಗೆ ಶುರುವಾಗುವ ಪಾಲೊಮರಿನ್ ಟ್ರೇಲ್‌ಹೆಡ್ ಇದೆ. ಬೋಲಿನಾಸ್‌ಗೆ ತಿರುಗುವಲ್ಲಿ ಬೋರ್ಡ್ ಹುಡುಕಬೇಡಿ. ಆ ಊರಿನವರು ಬೋರ್ಡ್ ಹಾಕಿದಾಗೆಲ್ಲ ಕಿತ್ತೊಗೆದು ಹೆಸರು ಮಾಡಿದವರು! ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಮುಂದೆ ಫೋನ್ ಸಿಗ್ನಲ್ ಅನ್ನು ನಂಬುವ ಹಾಗಿಲ್ಲ.

ಪಾಲೊಮರಿನ್‌ನಿಂದ ಕೋಸ್ಟ್ ಟ್ರೇಲ್ ಹಿಡಿದು ಬಾಸ್ ಲೇಕ್, ಪೆಲಿಕನ್ ಲೇಕ್ ದಾಟಿ ಸುಮಾರು ಐದೂವರೆ ಮೈಲಿ ನಡೆದರೆ ವೈಲ್ಡ್‌ಕ್ಯಾಟ್ ಕ್ಯಾಂಪ್. ಅಲ್ಲಿ ಬೀಚಿಗೆ ಇಳಿದು, ಮರಳಿನಲ್ಲಿ ದಕ್ಷಿಣಕ್ಕೆ ಒಂದು ಮೈಲಿಗಿಂತ ಸ್ವಲ್ಪ ಜಾಸ್ತಿ ನಡೆದರೆ ಜಲಪಾತ. ಹೋಗಿ ಬರಲು ಒಟ್ಟು 13 ಮೈಲಿ, ಅಂದರೆ ಸುಮಾರು 21 ಕಿಲೋಮೀಟರ್. ಪಾಲೊಮರಿನ್‌ನಿಂದ ಪಾರ್ಕಿನವರು ಹೇಳುವ ದಾರಿ ಇದೊಂದೇ.

ಆದರೆ ಕ್ಯಾಂಪ್ ಬರುವುದಕ್ಕೆ ಮೊದಲೇ, ಎಡಗಡೆ ಪೊದೆಗಳ ನಡುವೆ ಒಂದು ಒಳದಾರಿ ಕಾಣುತ್ತದೆ. ಎಷ್ಟೋ ಆ್ಯಪ್‌ಗಳಲ್ಲಿ ಅದಕ್ಕೆ ‘ಅಲಮೇರ್ ಫಾಲ್ಸ್ ಟ್ರೇಲ್’ ಅಂತ ಹೆಸರೂ ಇದೆ. ಹೆಸರು ನೋಡಿದವರಿಗೆ ಇದೇ ಸರಿಯಾದ ದಾರಿ ಅನ್ನಿಸುವುದು ಸಹಜ, ಅಲ್ವಾ? ಅದು ಜನ ತುಳಿದು ತುಳಿದು ಆದ ದಾರಿ. ಪಾರ್ಕಿನವರು ಅದನ್ನು ರಿಪೇರಿ ಮಾಡುವುದಿಲ್ಲ, ಅಲ್ಲಿ ಹೋಗಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತಾರೆ. 13 ಮೈಲಿಯ ನಡಿಗೆ ಅದರಿಂದ ಎಂಟೂವರೆ ಮೈಲಿಯ ಆಸುಪಾಸಿಗೆ ಇಳಿಯುತ್ತದೆ. ಆಸೆ ಹುಟ್ಟುವುದು ಅಲ್ಲೇ.

ಆ ಒಳದಾರಿ ಕೊನೆಗೆ ಧರೆಯೊಳಗಿನ ಒಂದು ಕೊರಕಲಿಗೆ ಬಂದು ನಿಲ್ಲುತ್ತದೆ. ಅದರಲ್ಲಿ ಕೈಯೂರಿ, ಕುಂಡೆ ಊರಿ ಇಳಿದರೆ ಜಲಪಾತದ ನೆತ್ತಿ. ಅಲ್ಲಿಂದ ಬೀಚಿಗೆ ಇನ್ನೊಂದು ಇಳಿಜಾರು, ಇನ್ನೂ ಕಡಿದು. ಅಲ್ಲಿನ ಕಲ್ಲು ನಮ್ಮೂರಿನ ಕರಿಬಂಡೆ ಅಲ್ಲ. ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಕೈಯಲ್ಲಿ ಹಿಡಿದರೆ ಒಣ ಹಪ್ಪಳದ ಹಾಗೆ ಮುರಿಯುತ್ತದೆ. ಮೇಲೆ ಇಳಿಯುತ್ತಿರುವವರು ಕೆಡವಿದ ಕಲ್ಲು ಕೆಳಗಿದ್ದವರ ತಲೆಗೆ. ಇಳಿದವರು ಹತ್ತಲೂಬೇಕಲ್ಲ? ಹತ್ತಲಾಗದೆ ಸಿಕ್ಕಿಕೊಂಡವರನ್ನು, ಕಾಲು ಮುರಿದುಕೊಂಡವರನ್ನು ಎತ್ತಿ ತರುವುದು ರೇಂಜರ್‌ಗಳಿಗೆ ಹೊಸ ಕೆಲಸವೇನಲ್ಲ.

ಈ ನೆಲವೇ ಹಾಗೆ, ನಿಂತಲ್ಲಿ ನಿಲ್ಲುವುದಿಲ್ಲ. ದಾರಿಯಲ್ಲಿ ಸಿಗುವ ಆ ಚಂದದ ಕೆರೆಗಳಿವೆಯಲ್ಲ, ಅವು ದೊಡ್ಡ ದೊಡ್ಡ ಭೂಕುಸಿತಗಳ ತಗ್ಗಿನಲ್ಲಿ ನೀರು ನಿಂತು ಆದವು. ಇದೇ ಪಾರ್ಕಿನಲ್ಲಿ, ಇದೇ ಕೋಸ್ಟ್ ಟ್ರೇಲಿಗೆ ಹತ್ತಿರ, ಆರ್ಚ್ ರಾಕ್ ಅಂತ ಒಂದು ಹೆಸರಾದ ವ್ಯೂಪಾಯಿಂಟ್ ಇತ್ತು. ನೆಲದಲ್ಲಿ ಬಿರುಕು ಕಂಡು ಪಾರ್ಕಿನವರು ಎಚ್ಚರಿಕೆಯ ಫಲಕ ಹಾಕಿದ್ದರು. 2015ರ ಮಾರ್ಚ್ 21ರಂದು ಅಂಚು ಕುಸಿಯಿತು. ಮೇಲೆ ನಿಂತಿದ್ದ ಇಬ್ಬರು ಕೆಳಗೆ ಬಿದ್ದರು, ಒಬ್ಬರು ತೀರಿಕೊಂಡರು. ಅವರೇನೂ ಸಾಹಸ ಮಾಡುತ್ತಿರಲಿಲ್ಲ, ಅಂಚಿನಲ್ಲಿ ನಿಂತಿದ್ದರು, ಅಷ್ಟೇ. ಅಂಚಿನ ಮೇಲೆ ನಿಂತವರಿಗೆ ಕೆಳಗಡೆ ಅಲೆ ಎಷ್ಟು ಕೊರೆದಿದೆ ಅನ್ನುವುದು ಕಾಣುವುದೇ ಇಲ್ಲ. ಹಾಗಾಗಿ ಫೋಟೋಗೆ ಅಂಚಿನಿಂದ ಹಿಂದೆ ನಿಲ್ಲಿ. ಬೀಚಿನಲ್ಲಿ ಬುತ್ತಿ ಬಿಚ್ಚುವಾಗಲೂ ಧರೆಯ ನೆರಳಿಗೆ ಕೂರಬೇಡಿ.

ಈಗ ಹೊತ್ತಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವೈಲ್ಡ್‌ಕ್ಯಾಟ್‌ನಿಂದ ಜಲಪಾತದವರೆಗೆ ಒಂದು ಬದಿ ಸಮುದ್ರ, ಇನ್ನೊಂದು ಬದಿ ಧರೆ. ದೊಡ್ಡ ಉಬ್ಬರದ ಹೊತ್ತಿನಲ್ಲಿ ಅಲೆಗಳು ಧರೆಯ ಬುಡಕ್ಕೇ ಬಡಿಯುತ್ತವೆ. ಆಗ ನಡುವೆ ಇದ್ದವರಿಗೆ ಓಡಲು ಜಾಗವಿಲ್ಲ. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಇಳಿತ ಒಂದೇ ಮಟ್ಟದ್ದಲ್ಲ, ಒಂದು ಚೆನ್ನಾಗಿ ಇಳಿಯುತ್ತದೆ, ಇನ್ನೊಂದು ನೆಪಕ್ಕೆ ಇಳಿಯುತ್ತದೆ. ಇವುಗಳ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹೋದ ಶನಿವಾರ ಗೆಳೆಯರು ಹೋದ ಹೊತ್ತಿಗೆ ಈ ಶನಿವಾರ ನಾವು ಹೋದರೆ ಬೀಚ್ ಮುಳುಗಿರಬಹುದು. ಅಮೆರಿಕ ಸರ್ಕಾರದ ಸಾಗರ, ಹವಾಮಾನ ಸಂಸ್ಥೆ ನೋವಾದ ಟೈಡ್ ಟೇಬಲ್, ಅಂದರೆ ಉಬ್ಬರ ಇಳಿತದ ವೇಳಾಪಟ್ಟಿ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಹತ್ತಿರದ ಟೈಡ್ ಸ್ಟೇಷನ್ ಆರಿಸಿಕೊಂಡು ನೋಡಿ.

ಇಲ್ಲೊಂದು ಪೇಚು ಇದೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ದೊಡ್ಡ ಇಳಿತಗಳು ಬೆಳಗಿನ ಜಾವಕ್ಕೆ ಬರುತ್ತವೆ, ಚಳಿಗಾಲದವು ಮಧ್ಯಾಹ್ನದ ಮೇಲೆ. ಜಲಪಾತ ತುಂಬಿ ಬೀಳುವುದೂ ಚಳಿಗಾಲದಲ್ಲೇ. ಹಾಗಾದರೆ ಚಳಿಗಾಲವೇ ಸರಿ ಅನ್ನಿಸುತ್ತದೆ. ಆದರೆ ಡಿಸೆಂಬರಿನಲ್ಲಿ ಐದು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಇಳಿತ ಮೂರು ಗಂಟೆಗೆ ಇದೆ ಅಂತ ಮೂರಕ್ಕೆ ಅಲ್ಲಿದ್ದರೆ, ವಾಪಸು ಬರುವುದು ಕತ್ತಲಲ್ಲಿ. ಅದಕ್ಕೆ ಇಳಿತ ಹನ್ನೆರಡು, ಹನ್ನೆರಡೂವರೆಗೆ ಬೀಳುವ ದಿನವನ್ನೇ ಹುಡುಕಿ. ಲೆಕ್ಕವನ್ನು ಅಲ್ಲಿಂದ ಹಿಂದಕ್ಕೆ ಹಾಕಿ. ಇಳಿತ ಹನ್ನೆರಡೂವರೆಗೆ ಅಂದರೆ ಹನ್ನೊಂದು ಕಾಲಿಗೆ ಕ್ಯಾಂಪಿನಲ್ಲಿ ಇರಬೇಕು. ಮಕ್ಕಳ ಜೊತೆ ಐದೂವರೆ ಮೈಲಿಗೆ ಮೂರು ಗಂಟೆ. ಎಂಟು ಕಾಲಿಗೆ ಪಾಲೊಮರಿನ್ ಬಿಡಬೇಕು. ಸನಿವೇಲ್ ಕಡೆಯವರು ಆರು ಗಂಟೆಗೆ ಕಾರು ಹತ್ತಬೇಕು. ಇಡ್ಲಿ ಕಾರಿನಲ್ಲೇ ತಿನ್ನಿ. ಬೇಗ ಹೋದವರಿಗೆ ಪಾರ್ಕಿಂಗೂ ಸಿಗುತ್ತದೆ. ಮಧ್ಯಾಹ್ನ ಒಂದೂವರೆಗೆ ಎಲ್ಲರೂ ಕ್ಯಾಂಪಿಗೆ ವಾಪಸ್. ಹನ್ನೆರಡೂವರೆ ದಾಟಿದರೂ ಇನ್ನೂ ಕ್ಯಾಂಪೇ ತಲುಪಿಲ್ಲವೇ? ಹಾಗಾದರೆ ಅವತ್ತು ಜಲಪಾತ ಇಲ್ಲ. ಬೀಚಿನ ಈ ತುದಿಯಲ್ಲಿ ಚಿತ್ರಾನ್ನ ತಿಂದು ತಿರುಗಿ ಬನ್ನಿ.

ಇಳಿತದ ಹೊತ್ತಾದರೂ ಸಮುದ್ರಕ್ಕೆ ಬೆನ್ನು ಹಾಕಬೇಡಿ. ಹದಿನೈದು ಇಪ್ಪತ್ತು ನಿಮಿಷ ಸುಮ್ನೆ ಇದ್ದ ಸಮುದ್ರ ಇದ್ದಕ್ಕಿದ್ದಂತೆ ಒಂದು ಭಾರಿ ಅಲೆಯನ್ನು ಮೇಲಕ್ಕೆ ತಳ್ಳುತ್ತದೆ. ಇಲ್ಲಿನವರು ಇದನ್ನು ಸ್ನೀಕರ್ ವೇವ್ ಅನ್ನುತ್ತಾರೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಇದು ಜಾಸ್ತಿ. ಮಲ್ಪೆ, ಗೋಕರ್ಣದ ಬೆಚ್ಚಗಿನ ನೀರಲ್ಲ ಇದು, ತುಂಬಾ ತಣ್ಣಗೆ. ಬಿದ್ದ ಕೂಡಲೇ ಉಸಿರು ಕಟ್ಟಿದಂತಾಗಿ, ಸ್ವಲ್ಪ ಹೊತ್ತಿನಲ್ಲೇ ಕೈಕಾಲು ಸೋಲುತ್ತವೆ. ಹವಾಮಾನ ಇಲಾಖೆ ಬೀಚ್ ಅಪಾಯದ ಸೂಚನೆ ಕೊಟ್ಟ ದಿನ ಹೋಗಲೇಬೇಡಿ, ಟೈಡ್ ಎಷ್ಟೇ ಕಡಿಮೆ ಇರಲಿ.

ಪಾಯ್ಸನ್ ಓಕ್ ಬಗ್ಗೆ ಒಂದು ಮಾತು. ಈ ಗಿಡದ ಎಣ್ಣೆ ತಾಗಿದರೆ ಮೈ ತುರಿಸಿ ದದ್ದು ಏಳುತ್ತದೆ. ಒಳದಾರಿಯ ಎರಡೂ ಬದಿ ಅದೇ ತುಂಬಿದೆ, ಅಲ್ಲಿ ಹೋಗದಿರಲು ಇದೂ ಒಂದು ಕಾರಣ. ಇದು ನಮ್ಮ ಮಾವು, ಗೇರಿನ ಕುಟುಂಬದ್ದೇ ಗಿಡ. ಮಲೆನಾಡಿನವರಿಗೆ ಹೊಳಗೇರು ಗೊತ್ತಲ್ಲ, ಅದಕ್ಕೂ ನೆಂಟ. ಮಾವಿನ ಸೊನೆ ತಾಗಿ ತುಟಿ ಸುಟ್ಟುಕೊಂಡವರು ಇನ್ನಷ್ಟು ಹುಷಾರಾಗಿರಿ. ಮೂರು ಮೂರು ಎಲೆಯ ಗೊಂಚಲು ನೋಡಿ ಗುರುತಿಸಬಹುದು. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ ಇರುತ್ತದೆ, ಕಡ್ಡಿಯಲ್ಲೂ ಅದೇ ಎಣ್ಣೆ. ಉದ್ದ ಪ್ಯಾಂಟ್ ಹಾಕಿ, ಮನೆಗೆ ಬಂದ ಮೇಲೆ ಸೋಪು ಹಚ್ಚಿ ತೊಳೆದುಕೊಳ್ಳಿ. ಉಣುಗು ಹತ್ತಿದೆಯಾ ಅಂತಲೂ ಆಗಲೇ ನೋಡಿಕೊಳ್ಳಿ. ಇಲ್ಲಿ ಉಣುಗಿನಿಂದ ಲೈಮ್ ಕಾಯಿಲೆ ಬರುತ್ತದೆ.

ಬೂಟು, ನೀರು, ಟಾರ್ಚು, ಜಾಕೆಟ್ಟು ಇವೆಲ್ಲ ನಿಮಗೆ ಗೊತ್ತಿರುವುದೇ. ಮನೆಯಲ್ಲಿ ಉಳಿದ ಒಬ್ಬರಿಗೆ ‘ಇಷ್ಟು ಗಂಟೆಯೊಳಗೆ ಮೆಸೇಜ್ ಬರದಿದ್ದರೆ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ’ ಅಂತ ಹೇಳಿ ಹೊರಡಿ. ಎಷ್ಟೋ ಹೊಸ ಫೋನ್‌ಗಳಲ್ಲಿ, ಸಿಗ್ನಲ್ ಇಲ್ಲದಿದ್ದರೂ ಉಪಗ್ರಹದ ಮೂಲಕ ಸಹಾಯ ಕೇಳುವ ಸ್ಯಾಟಲೈಟ್ ಎಸ್‌ಒಎಸ್ ಇದೆ, ಆದರೆ ಅದಕ್ಕೆ ತೆರೆದ ಆಕಾಶ ಬೇಕು.

ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರನ್ನೂ ಕರೆದುಕೊಂಡು ಹೋಗಬಹುದಾ ಅಂತ ಕೆಲವರು ಕೇಳಿದಿರಿ. ಮಂಡಿ ನೋವಿರುವವರಿಗೆ 13 ಮೈಲಿ ಬೇಡ. ಅವರನ್ನು ದಕ್ಷಿಣಕ್ಕಿರುವ ಬಿಗ್ ಸರ್ ಕರಾವಳಿಯ ಮೆಕ್‌ವೇ ಫಾಲ್ಸ್‌ಗೆ ಕರೆದುಕೊಂಡು ಹೋಗಿ. ಸುಮಾರು 80 ಅಡಿ ಎತ್ತರ, ಅದೂ ಸಮುದ್ರದ ದಂಡೆಗೇ ಬೀಳುತ್ತದೆ. ಕಾರು ನಿಲ್ಲಿಸಿ ಸ್ವಲ್ಪವೇ ನಡೆದರೆ ನೋಡುವ ಜಾಗ. 1983ಕ್ಕೆ ಮೊದಲು ಅದು ನೇರ ನೀರಿಗೇ ಬೀಳುತ್ತಿತ್ತು. ಆ ವರ್ಷ ಗುಡ್ಡ ಕುಸಿದು, ಹೆದ್ದಾರಿ ರಿಪೇರಿಯ ಮಣ್ಣೂ ಸೇರಿ, ಕೆಳಗೆ ಬೀಚು ಹುಟ್ಟಿಕೊಂಡಿತು. ಆ ಬೀಚಿಗೆ ಇಳಿಯಲು ಯಾರಿಗೂ ಅನುಮತಿ ಇಲ್ಲ, ದೂರದಿಂದಲೇ ನೋಡಬೇಕು. ಅಲ್ಲಿನ ಹೆದ್ದಾರಿ 1 ಕುಸಿದು ಮುಚ್ಚುವುದು ಮಾಮೂಲಿ. ಹೊರಡುವ ದಿನ ಬೆಳಿಗ್ಗೆ ರಸ್ತೆಯ ಸ್ಥಿತಿ, ಪಾರ್ಕಿನ ಸೂಚನೆ ಎರಡೂ ನೋಡಿಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆಗಳು. ಟೈಡ್ ಟೇಬಲ್ ಓದಲು ಬಾರದವರು ಫೋನ್ ತಂದು ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ, ಬರುವ ಶನಿವಾರದ್ದನ್ನೇ ತೆಗೆದು ಒಟ್ಟಿಗೆ ನೋಡೋಣ.