ನೂರಕ್ಕೆ ಎಷ್ಟು ಸರಿ, ಯಾವ ನೂರು?

ಕೇಳುಗರಿಗೆ ನಮಸ್ಕಾರ.

ನಾನು ಮುಂಬೈಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಬಹಳ ವರ್ಷ ಇದ್ದವಳು. ರಿಟೈರ್ ಆದರೂ ಹುಡುಕಿಕೊಡುವ ಚಾಕರಿ ತಪ್ಪಿಲ್ಲ. ಮೊನ್ನೆ ಡೊಂಬಿವಲಿಯಿಂದ ತಂಗಿಯ ಮಗ ಬಂದ. ಡಿಗ್ರಿ ಮೊದಲ ವರ್ಷ. "ದೊಡ್ಡಮ್ಮ, ಚಿಕ್ಕ ವಯಸ್ಸಿನವರ ಕುಡಿತದ ಬಗ್ಗೆ ಪ್ರಾಜೆಕ್ಟ್. ಎಲ್ಲ ಸಿಕ್ಕಿದೆ, ಸುಮ್ನೆ ಒಮ್ಮೆ ನೋಡಿಬಿಡಿ" ಅಂದ. ಎಲ್ಲ ಸಿಕ್ಕಿದೆ ಅಂದವರನ್ನು ನಾನು ಮೊದಲು ಕೂರಿಸಿ ಕಾಫಿ ಕೊಡುತ್ತೇನೆ. ಕೆಲಸ ಜಾಸ್ತಿ ಇದೆ ಅಂತ ಆಗಲೇ ಗೊತ್ತಾಗುತ್ತದೆ.

ಅವನ ಮೊದಲ ಸಾಲು ಹೀಗಿತ್ತು: 'ಭಾರತದಲ್ಲಿ ನೂರಕ್ಕೆ 14.6 ಮಕ್ಕಳು ಮದ್ಯ ಕುಡಿಯುತ್ತಾರೆ.' ಎಲ್ಲಿಂದ ಬಂತಪ್ಪ ಇದು? ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದು. ಕೆಳಗೆ 'ಏಮ್ಸ್ ವರದಿ' ಅಂತ ಬೇರೆ ಬರೆದಿತ್ತು. ದೊಡ್ಡ ಹೆಸರು ಕಂಡಮೇಲೆ ಯಾರು ಮುಂದೆ ಓದುತ್ತಾರೆ, ಅಲ್ವಾ?

ವರದಿ ಇರುವುದು ನಿಜ. ದೆಹಲಿಯ ಏಮ್ಸ್‌ನವರು ಕೇಂದ್ರ ಸರಕಾರಕ್ಕಾಗಿ ಮಾಡಿದ್ದು, 2019ರಲ್ಲಿ ಹೊರಬಂತು. ಸುಮಾರು 2 ಲಕ್ಷ ಮನೆಗಳಿಗೆ ಹೋಗಿ 4 ಲಕ್ಷ 73 ಸಾವಿರ ಜನರನ್ನು ಮಾತಾಡಿಸಿದ್ದಾರೆ. 14.6 ಕೂಡ ಅದರಲ್ಲಿದೆ. ಆದರೆ ಅದು 10 ವರ್ಷದ ಹುಡುಗನಿಂದ 75ರ ಅಜ್ಜನವರೆಗೆ ಎಲ್ಲರನ್ನೂ ಸೇರಿಸಿದ ಲೆಕ್ಕ. 10ರಿಂದ 17ರವರೆಗಿನ ಮಕ್ಕಳ ಅಂಕಿ ಬೇರೆಯೇ ಇದೆ. ನೂರಕ್ಕೆ 1.3. ಅಜ್ಜನ ಪೆಗ್ಗನ್ನು ಮೊಮ್ಮಗನ ಖಾತೆಗೆ ಬರೆದುಬಿಟ್ಟಿದ್ದರು!

"ಅಯ್ಯೋ, ಇಷ್ಟೇನಾ?" ಅಂತ ಹುಡುಗನ ಮುಖ ಸಪ್ಪೆಯಾಯಿತು. ಇಷ್ಟೇ ಅಂದರೂ ಸುಮಾರು 30 ಲಕ್ಷ ಮಕ್ಕಳು. ಅದಲ್ಲದೆ, ಮನೆಬಾಗಿಲಿಗೆ ಬಂದವರು ಕೇಳುವ ಪ್ರಶ್ನೆ ಇದು. ಒಳಗೆ ಅಮ್ಮ ಒಗ್ಗರಣೆ ಹಾಕುತ್ತಿರುತ್ತಾಳೆ. ಹದಿನಾರರ ಹುಡುಗ "ಹೌದು, ಬಿಯರ್ ಕುಡಿದಿದ್ದೇನೆ" ಅಂತ ಬಾಯಿಬಿಡುತ್ತಾನಾ? ಹಾಗಾಗಿ ನಿಜವಾದ ಸಂಖ್ಯೆ ಇನ್ನೂ ಹೆಚ್ಚಿರಬಹುದು. ಹಾಗಂತ ನಾವೇ ಹತ್ತರಿಂದ ಗುಣಿಸಿಕೊಂಡು ಬರೆಯುವ ಹಾಗಿಲ್ಲ.

ಯುರೋಪಿನವರು 1995ರಿಂದ ಈ ಕೆಲಸವನ್ನು ಶಾಲೆಯಲ್ಲೇ ಮಾಡುತ್ತಿದ್ದಾರೆ. ಸಮೀಕ್ಷೆಯ ಹೆಸರು ಎಸ್ಪಾಡ್. 15, 16ರ ಮಕ್ಕಳು ಹೆಸರು ಬರೆಯದೆ ಉತ್ತರ ತುಂಬುತ್ತಾರೆ. ಅದರಲ್ಲಿ ಒಂದು ತಮಾಷೆ ಇದೆ. ಮಾದಕ ವಸ್ತುಗಳ ಪಟ್ಟಿಯಲ್ಲಿ 'ರೆಲೆವಿನ್' ಅಂತ ಒಂದು ಹೆಸರು ಸೇರಿಸಿದ್ದರು. ಅಂಥ ವಸ್ತುವೇ ಇಲ್ಲ! ಅದನ್ನೂ ತೆಗೆದುಕೊಂಡಿದ್ದೇನೆ ಅಂದವನು ಜಂಭ ಕೊಚ್ಚುತ್ತಿದ್ದಾನೆ ಅಂತ ತಿಳಿಯುತ್ತದೆ. ಮುಚ್ಚಿಡುವವರು ಇರುವ ಹಾಗೆ ಬಡಾಯಿಯವರೂ ಇರುತ್ತಾರಲ್ಲ. ಈ ಜಾಣತನ ನನಗೆ ಬಹಳ ಇಷ್ಟ.

ಒಳ್ಳೆಯ ಮನಸ್ಸಿನವರೂ ಲೆಕ್ಕ ತಪ್ಪುತ್ತಾರೆ. 2002ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಚಟ ಅಧ್ಯಯನ ಕೇಂದ್ರ ಒಂದು ವರದಿ ತಂದಿತು. ದೇಶದಲ್ಲಿ ಖರ್ಚಾಗುವ ಮದ್ಯದಲ್ಲಿ ನೂರಕ್ಕೆ 25 ಪಾಲು 21 ತುಂಬದವರ ಹೊಟ್ಟೆಗೆ ಹೋಗುತ್ತದೆ ಅಂತ. ಪತ್ರಿಕೆಗಳು ಹೌಹಾರಿದವು. ಆಮೇಲೆ ನೋಡಿದರೆ ನಿಜವಾದದ್ದು 11.4.

ಎಡವಿದ್ದು ಎಲ್ಲಿ? ನಾವಿರುವ ಹೌಸಿಂಗ್ ಸೊಸೈಟಿಯನ್ನೇ ತೆಗೆದುಕೊಳ್ಳಿ. ನೂರು ಜನರಲ್ಲಿ ಹುಡುಗರು ಇಪ್ಪತ್ತು ಅಂತಿಟ್ಟುಕೊಳ್ಳಿ. ಅವರ ವಿಷಯ ಚೆನ್ನಾಗಿ ತಿಳಿಯಲಿ ಅಂತ ಹುಡುಗರನ್ನೇ ಜಾಸ್ತಿ ಕೇಳಿದಿರಿ. ಕೇಳಿದವರಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತು ಅವರೇ ಆದರು. ಅದು ತಪ್ಪಲ್ಲ. ಆದರೆ ಇಡೀ ಸೊಸೈಟಿಯ ಲೆಕ್ಕ ಹಾಕುವಾಗ ಅವರ ಪಾಲನ್ನು ಮತ್ತೆ ಇಪ್ಪತ್ತಕ್ಕೆ ಇಳಿಸಬೇಕು. ಆ ವರದಿಯವರು ಇಳಿಸಲಿಲ್ಲ. ಅವರು ಕುಡಿತದ ವಿರುದ್ಧ ದುಡಿಯುವವರು, ಹೆಂಡದ ಕಂಪನಿಯವರಲ್ಲ. ನಮ್ಮ ಪಕ್ಷದವರ ಅಂಕಿಯನ್ನೂ ತೂಗಿ ನೋಡಬೇಕು ಅಂತ ಹುಡುಗನಿಗೆ ಹೇಳಿದ್ದು ಇದಕ್ಕೇ.

ಕಂಪನಿಗಳ ಕಥೆಯೂ ಇದೆ. ದಿನಕ್ಕೊಂದು ಡ್ರಿಂಕ್ ಹೃದಯಕ್ಕೆ ಒಳ್ಳೆಯದಾ ಅಂತ ನೋಡುವ ದೊಡ್ಡ ಪರೀಕ್ಷೆಯೊಂದನ್ನು ಅಮೆರಿಕ ಸರಕಾರದ ಆರೋಗ್ಯ ಸಂಸ್ಥೆ 2018ರಲ್ಲಿ ನಿಲ್ಲಿಸಿಬಿಟ್ಟಿತು. ಅದಕ್ಕೆ ದುಡ್ಡು ಹಾಕಲು ಒಪ್ಪಿದವರು ಬಿಯರ್, ವಿಸ್ಕಿ ಮಾರುವವರೇ. ವರದಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ 'ನೆರವು' ಅಂತ ಇರುತ್ತದಲ್ಲ, ನಾನು ಅಲ್ಲಿಂದಲೇ ಓದಲು ಶುರುಮಾಡುತ್ತೇನೆ.

ಇನ್ನು 'ಚಿಕ್ಕ ವಯಸ್ಸು' ಅಂದರೆ ಎಷ್ಟು? ಮುಂಬೈಯಲ್ಲಿ ಬಿಯರ್‌ಗೆ 21 ಆಗಬೇಕು, ವಿಸ್ಕಿ, ರಮ್‌ಗೆ 25. ಗೋವಾದಲ್ಲಿ 18 ಸಾಕು. ಅಂದರೆ ಇಲ್ಲಿ ಮಾಂಡೋವಿ ಎಕ್ಸ್‌ಪ್ರೆಸ್ ಹತ್ತಿದ 22ರ ಹುಡುಗ ವಿಸ್ಕಿಯ ಮಟ್ಟಿಗೆ ಇನ್ನೂ ಮಗು. ಸಾವಂತವಾಡಿ ದಾಟಿ ಗೋವಾ ಬಂತೋ, ದೊಡ್ಡವನಾದ! ಒಂದು ವರದಿಯ ಮಗು 17ಕ್ಕೆ ನಿಂತರೆ ಇನ್ನೊಂದರದ್ದು 20ಕ್ಕೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಏನು ಬಂತು?

ನಮ್ಮ ದೇವನಾರ್‌ನಲ್ಲಿ ಜನಸಂಖ್ಯೆ ಅಧ್ಯಯನ ಸಂಸ್ಥೆ ಇದೆಯಲ್ಲ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸುವುದು ಅವರೇ. ಕುಡಿತದ ಲೆಕ್ಕವೂ ಅದರಲ್ಲಿದೆ, ಆದರೆ 15 ತುಂಬಿದವರದ್ದು ಮಾತ್ರ. ಹದಿಮೂರರ ಮಗುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹುಡುಗ ಅರ್ಧಕ್ಕರ್ಧ ಸಾಲು ಹೊಡೆದುಹಾಕಿ ಹೋದ. ಹೋದವಾರ ಫೋನ್ ಮಾಡಿದ. ಹೆಸರು ಬರೆಯದ ಚೀಟಿ ಮಾಡಿ, ಸ್ನೇಹಿತರಿಂದ ತಾನೇ ಉತ್ತರ ಬರೆಸಿದ್ದಾನೆ. ಬಿಯರ್‌ಗಳ ಪಟ್ಟಿಯಲ್ಲಿ ತಾನೇ ಹುಟ್ಟಿಸಿದ ಒಂದು ಹೆಸರನ್ನೂ ಸೇರಿಸಿದ್ದನಂತೆ.

"ದೊಡ್ಡಮ್ಮ, ಮೂರು ಜನ ಅದನ್ನೂ ಕುಡಿದಿದ್ದಾರೆ" ಅಂದ.