ಎಡವೋ ಬಲವೋ, ನೆರೆಯವರನ್ನು ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರವಾರದಿಂದ ಗೋವಾ ಕಡೆಗೆ ಹೋದವರಿಗೆ ಮಾಜಾಳಿ ಗೊತ್ತಿರುತ್ತದೆ. ಅಲ್ಲಿ ಚೆಕ್‌ಪೋಸ್ಟ್ ದಾಟಿದರೆ ಗೋವಾ ಶುರು. ಬೋರ್ಡುಗಳ ಭಾಷೆ ಬದಲಾಗುತ್ತದೆ, ಪೆಟ್ರೋಲ್ ರೇಟು ಬದಲಾಗುತ್ತದೆ. ಗಾಡಿ ಮಾತ್ರ ಎಡಗಡೆಯಲ್ಲೇ ಸಾಗುತ್ತದೆ. ಇದರಲ್ಲೇನು ವಿಶೇಷ ಅನ್ನಿಸಬಹುದು. ವಿಶೇಷ ಇದೆ. ಗೋವಾ 1961ರವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಆ ಪೋರ್ಚುಗಲ್ ದೇಶ 1928ರಲ್ಲೇ ಎಡ ಬಿಟ್ಟು ಬಲಕ್ಕೆ ಹೋಯಿತು. ತನ್ನ ಆಳ್ವಿಕೆಯ ಗೋವಾವನ್ನು ಮಾತ್ರ ಎಡಗಡೆಯಲ್ಲೇ ಬಿಟ್ಟಿತು. ಆಫ್ರಿಕಾದ ಮೊಜಾಂಬಿಕ್, ಚೀನಾದ ಅಂಚಿನ ಮಕಾವ್ ಕೂಡ ಹಾಗೇ ಉಳಿದವು.

ಯಾಕೆ ಹೀಗೆ? ಪೋರ್ಚುಗಲ್‌ಗೆ ಅಂಟಿಕೊಂಡಿರುವುದು ಸ್ಪೇನ್. ಅಲ್ಲಿ ಬಲ. ಗೋವಾಕ್ಕೆ ಅಂಟಿಕೊಂಡಿದ್ದದ್ದು ಆಗಿನ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕಾರವಾರ, ಬೆಳಗಾವಿ. ಇಲ್ಲಿ ಎಡ. ಸರಕಾರ ಒಂದೇ, ನಿಯಮ ಎರಡು. ಪಕ್ಕದವರು ಯಾವ ಕಡೆಯೋ ನಾವೂ ಆ ಕಡೆ. ಎಡ ಬಲದ ಇಡೀ ಚರಿತ್ರೆಯಲ್ಲಿ ನನಗೆ ಎದ್ದು ಕಾಣುವುದು ಇದೇ ಮಾತು.

ಮೊದಮೊದಲು ಇದು ಶುರುವಾದದ್ದು ಹೇಗೆ ಅಂತ ಕೇಳಿದರೆ, ಕತ್ತಿಯ ಕತೆ ಹೇಳುವವರು ತುಂಬ ಜನ. ಕುದುರೆ ಸವಾರನ ಬಲಗೈಯಲ್ಲಿ ಕತ್ತಿ, ಎದುರು ಬಂದವನು ಆ ಕೈಯ ಕಡೆಗೇ ಇರಲಿ ಅಂತ ಎಡಕ್ಕೆ ನಡೆಯುತ್ತಿದ್ದರಂತೆ. ಕೇಳೋಕೆ ಚೆನ್ನಾಗಿದೆ. ನನಗೆ ಅದಕ್ಕಿಂತ ಅಮೆರಿಕದ ಬಂಡಿಗಳ ಕತೆ ಜಾಸ್ತಿ ಹಿಡಿಸುತ್ತದೆ, ಅದರಲ್ಲಿ ದುಡಿಮೆಯ ಲೆಕ್ಕ ಇದೆ. ಅಲ್ಲಿನ ದೊಡ್ಡ ಸರಕು ಬಂಡಿಗಳಿಗೆ ನಾಲ್ಕು, ಆರು ಕುದುರೆ. ಹೊಡೆಯುವವನಿಗೆ ಬಂಡಿಯ ಮೇಲೆ ಜಾಗ ಇಲ್ಲ. ಅವನು ಹಿಂದಿನ ಸಾಲಿನ ಎಡಗಡೆ ಕುದುರೆಯ ಮೇಲೆ ಕೂರುತ್ತಿದ್ದ. ಹಾಗೆ ಕೂತರೆ ಬಲಗೈಯ ಚಾಟಿ ಎಲ್ಲ ಕುದುರೆಗಳಿಗೂ ಎಟುಕುತ್ತದೆ. ಇನ್ನು ಎದುರು ಬಂಡಿ ತನ್ನ ಎಡಗಡೆಯಿಂದ ಹಾದುಹೋದರೆ ಚಕ್ರಕ್ಕೆ ಚಕ್ರ ತಾಗುತ್ತದೋ ಇಲ್ಲವೋ ಅಂತ ಬಗ್ಗಿ ನೋಡಬಹುದು. ಅದಕ್ಕೆ ತಾನು ಬಲಕ್ಕೆ ಸರಿಯಬೇಕು. 1792ರಲ್ಲಿ ಪೆನ್ಸಿಲ್ವೇನಿಯಾ ಒಂದು ಹೆದ್ದಾರಿಗೆ ಬಲಬದಿಯ ನಿಯಮ ಮಾಡಿತು, 1804ರಲ್ಲಿ ನ್ಯೂಯಾರ್ಕ್ ಮಾಡಿತು. ಇಂಗ್ಲೆಂಡಿನವರು 1756ರಲ್ಲೇ ಲಂಡನ್ ಸೇತುವೆಯ ಮೇಲೆ ಎಡ ಅಂತ ಕಾನೂನು ಮಾಡಿ, 1835ರಲ್ಲಿ ದೇಶಕ್ಕೆಲ್ಲ ಹಬ್ಬಿಸಿದ್ದರು. ಅವರು ಆಳಿದ ಕಡೆಗೆಲ್ಲ ಅದೇ ಹೋಯಿತು, ನಮಗೂ ಬಂತು. ಇವತ್ತು ಜಗತ್ತಿನ ಸುಮಾರು ಮೂರನೇ ಒಂದು ಭಾಗ ಜನ ಎಡಗಡೆಯವರು.

ಹಾಗಾದರೆ ಒಂದು ದೇಶ ಮನಸ್ಸು ಬದಲಾಯಿಸಿದರೆ? ಇಲ್ಲಿ ಸ್ವೀಡನ್ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು.

ಸ್ವೀಡನ್ನಿನಲ್ಲಿ 1734ರಿಂದಲೂ ಎಡ. ಸುತ್ತ ಇರುವ ನಾರ್ವೆ, ಡೆನ್ಮಾರ್ಕ್, ಫಿನ್ಲೆಂಡ್ ಎಲ್ಲ ಕಡೆ ಬಲ. ಇಷ್ಟೇ ಆಗಿದ್ದರೆ ಗಡಿಯಲ್ಲಿ ಮಾತ್ರ ಎಚ್ಚರ ಸಾಕಿತ್ತು. ನಿಜವಾದ ತೊಂದರೆ ಕಾರಿನೊಳಗೇ ಇತ್ತು. ಓಡುವುದು ಎಡಬದಿಯಲ್ಲಾದರೂ ಹೆಚ್ಚಿನ ಕಾರುಗಳ ಸ್ಟೀರಿಂಗ್ ಕೂಡ ಎಡಕ್ಕೇ ಇತ್ತು. ಇದರ ಪರಿಣಾಮ ಏನು ಗೊತ್ತಾ? ನಮ್ಮಲ್ಲಿ ಮುಂದೆ ಲಾರಿ ಹೋಗುತ್ತಿದ್ದರೆ ಡ್ರೈವರ್ ಏನು ಮಾಡುತ್ತಾನೆ? ಅವನು ಕೂತಿರುವುದು ಬಲಗಡೆ, ಅಂದರೆ ರಸ್ತೆಯ ನಡುವಿಗೆ ಹತ್ತಿರ. ಗಾಡಿಯನ್ನು ಒಂದಿಷ್ಟು ಬಲಕ್ಕೆ ಎಳೆದು, ಇಣುಕಿ, ಎದುರಿಗೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಓವರ್‌ಟೇಕ್ ಮಾಡುತ್ತಾನೆ. ಸ್ವೀಡನ್ನಿನ ಡ್ರೈವರ್ ಕೂತಿದ್ದದ್ದು ಚರಂಡಿಯ ಕಡೆಗೆ. ಅವನಿಗೆ ಕಾಣುವುದು ಮುಂದಿನ ಲಾರಿಯ ಬೆನ್ನು ಮಾತ್ರ. ಎದುರಿಗೆ ಏನು ಬರುತ್ತಿದೆ ಅಂತ ನೋಡಬೇಕಾದರೆ ಪೂರ್ತಿ ಕಾರನ್ನೇ ಆಚೆ ಬದಿಗೆ ತರಬೇಕು. ಸಣ್ಣ ರಸ್ತೆಗಳಲ್ಲಿ ಮುಖಾಮುಖಿ ಡಿಕ್ಕಿಗೆ ಬೇರೆ ಕಾರಣ ಬೇಕಾಗಿರಲಿಲ್ಲ.

1955ರಲ್ಲಿ ಅಲ್ಲಿನ ಜನರನ್ನೇ ಕೇಳಿದರು, ಬಲಕ್ಕೆ ಹೋಗೋಣವಾ ಅಂತ. ನೂರಕ್ಕೆ ಸುಮಾರು 83 ಜನ ಬೇಡ ಅಂದರು. ಅವರ ಮೇಲೆ ನನಗೆ ಬೇಸರ ಇಲ್ಲ. ಕೈಕಾಲಿಗೆ ಕೂತ ಅಭ್ಯಾಸವನ್ನು ಬಿಡಿ ಅಂದರೆ ಯಾರಿಗಾದರೂ ಭಯ ಆಗುತ್ತದೆ. ಆದರೆ ಗಾಡಿಗಳು ಹೆಚ್ಚುತ್ತಲೇ ಇದ್ದವು. ತಡ ಮಾಡಿದಷ್ಟೂ ಖರ್ಚು ಜಾಸ್ತಿ. 1963ರಲ್ಲಿ ಸಂಸತ್ತು ಬಲಕ್ಕೆ ಹೋಗುವುದೇ ಸರಿ ಅಂತ ತೀರ್ಮಾನ ಮಾಡಿತು. ಆಮೇಲೆ ನಾಲ್ಕು ವರ್ಷ ಬರೀ ತಯಾರಿ.

ಎಂತಹ ತಯಾರಿ ಅಂತೀರಿ! ಮೂರೂವರೆ ಲಕ್ಷಕ್ಕೂ ಜಾಸ್ತಿ ರಸ್ತೆ ಫಲಕ ಬದಲಾಗಬೇಕಿತ್ತು. ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದ ಹಾಗೆ ದೀಪ ಬದಲಾಯಿಸಬೇಕಿತ್ತು. ಬಸ್ ಸ್ಟಾಪುಗಳು ಆಚೆ ಬದಿಗೆ ಹೋಗಬೇಕಿತ್ತು. ಬಸ್ಸಿನ ಬಾಗಿಲಿನ ಮಾತನ್ನು ನಾವು ಯೋಚಿಸುವುದೇ ಇಲ್ಲ ಅಲ್ವಾ? ನಮ್ಮ ಬಸ್ಸಿನ ಬಾಗಿಲು ಎಡಕ್ಕಿದೆ, ಇಳಿದರೆ ಕಾಲು ರಸ್ತೆಯ ಅಂಚಿಗೆ ಬೀಳುತ್ತದೆ. ಬಲಕ್ಕೆ ಹೋದ ದೇಶದಲ್ಲಿ ಅದೇ ಬಾಗಿಲು ರಸ್ತೆಯ ನಡುವಿಗೆ ತೆರೆಯುತ್ತದೆ. ಅದಕ್ಕೇ ಸ್ವೀಡನ್ನಿನವರು ಸಾವಿರಾರು ಹಳೆಯ ಬಸ್ಸುಗಳಿಗೆ ಬಲಗಡೆ ಬಾಗಿಲು ಕೊರೆಸಿದರು, ಸಾವಿರದಷ್ಟು ಹೊಸ ಬಸ್ಸು ಕೊಂಡರು. ಕೆಲವು ಹಳೆಯವು ಪಾಕಿಸ್ತಾನಕ್ಕೂ ಕೀನ್ಯಾಕ್ಕೂ ಮಾರಾಟವಾದವು, ಅಲ್ಲಿ ಎಡ ತಾನೇ. ಬದಲಾವಣೆಯ ಗುರುತಿಗೆ ಒಂದು ಚಿಹ್ನೆ ಮಾಡಿ ಹಾಲಿನ ಪ್ಯಾಕೆಟ್ಟಿನ ಮೇಲೂ ಒಳಬಟ್ಟೆಯ ಮೇಲೂ ಅಚ್ಚು ಹಾಕಿದರು. ಯಾರೂ ಮರೆಯಬಾರದು, ಅಷ್ಟೆ.

1967ರ ಸೆಪ್ಟೆಂಬರ್ 3, ಭಾನುವಾರ. ಬೆಳಗಿನ ಜಾವ ಒಂದರಿಂದಲೇ ಅನಗತ್ಯ ವಾಹನಗಳಿಗೆ ತಡೆ. 4 ಗಂಟೆ 50 ನಿಮಿಷಕ್ಕೆ ರಸ್ತೆಯ ಮೇಲಿದ್ದ ಗಾಡಿಗಳೆಲ್ಲ ನಿಲ್ಲಬೇಕು. ಮೆಲ್ಲಗೆ ಬಲಬದಿಗೆ ದಾಟಿ ಮತ್ತೆ ನಿಲ್ಲಬೇಕು. 5 ಗಂಟೆಗೆ ಹೊರಡಬೇಕು. ಇಡೀ ದೇಶ ಒಂದೇ ಹೊತ್ತಿಗೆ ಬದಿ ಬದಲಾಯಿಸಿತು. ಸೋಮವಾರ ಎಲ್ಲರೂ ಕೆಲಸಕ್ಕೆ ಹೊರಟಾಗ ಏನಾಗುತ್ತದೋ ಅನ್ನುವ ಆತಂಕ ಇತ್ತು. ಆ ದಿನ ವರದಿಯಾದ ಅಪಘಾತ 125. ಅದಕ್ಕೆ ಮುಂಚಿನ ಸೋಮವಾರಗಳಲ್ಲಿ 130ರಿಂದ 198ರವರೆಗೆ ಆಗುತ್ತಿತ್ತು. ಆ ಸೋಮವಾರ ಒಂದು ಸಾವೂ ಇಲ್ಲ. ಎಲ್ಲರೂ ಹೆದರಿ ಹೆದರಿ, ಎದುರಿನವನನ್ನು ನೋಡಿ ನೋಡಿ ಓಡಿಸಿದರು. ಅಭ್ಯಾಸ ಆದಮೇಲೆ ಎಚ್ಚರ ಸಡಿಲವಾಯಿತು. ಎರಡು ವರ್ಷದೊಳಗೆ ಅಪಘಾತದ ಲೆಕ್ಕ ಮೊದಲಿನಷ್ಟಕ್ಕೇ ಬಂತು.

ಈ ಅಂಕಿ ನೋಡಿದಾಗಲೆಲ್ಲ ನಮ್ಮ ಹೆದ್ದಾರಿಗಳು ಕಣ್ಣಮುಂದೆ ಬರುತ್ತವೆ. ಯು ಟರ್ನ್ ದೂರ ಇದೆ ಅಂತ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ರಾಂಗ್ ಸೈಡಿನಲ್ಲಿ ಬರುವ ಬೈಕುಗಳನ್ನು ನೀವೂ ನೋಡಿದ್ದೀರಿ. ಶಿರಾಡಿ ಘಾಟಿಯ ತಿರುವಿನಲ್ಲಿ ಆಚೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ. ಬರುವವನು ತನ್ನ ಎಡಕ್ಕೇ ಇರುತ್ತಾನೆ ಅನ್ನುವ ಒಂದೇ ನಂಬಿಕೆಯ ಮೇಲೆ ನಾವು ಸ್ಟೀರಿಂಗ್ ತಿರುಗಿಸುತ್ತೇವೆ. ಆ ನಂಬಿಕೆಯನ್ನು ಮುರಿಯುವವರನ್ನು ಕಂಡರೆ ನನಗೆ ಸಿಟ್ಟಿಗಿಂತ ಸಂಕಟ ಜಾಸ್ತಿ ಆಗುತ್ತದೆ.

ತಯಾರಿ ಇಲ್ಲದೆ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಬರ್ಮಾ ಇದೆ. 1970ರ ಡಿಸೆಂಬರಿನಲ್ಲಿ ಅಲ್ಲಿನ ಸರಕಾರ ಎಡದಿಂದ ಬಲಕ್ಕೆ ಹೋಯಿತು. ಗಾಡಿಗಳು ಮಾತ್ರ ಹಳೆಯವೇ. ಆಮೇಲೂ ದಶಕಗಳ ಕಾಲ ಜಪಾನಿನ ಹಳೆಯ ವಾಹನಗಳೇ ಬಂದವು. ಜಪಾನಿನಲ್ಲಿ ಎಡ. ಹಾಗಾಗಿ ಎಷ್ಟೋ ಬಸ್ಸುಗಳ ಜನ ನಡುರಸ್ತೆಗೆ ಇಳಿಯುವ ಹಾಗಾಯಿತು. ಸಮೋವಾ ದ್ವೀಪದವರು ಇದಕ್ಕೆ ತಿರುಗಾಮುರುಗಾ ಮಾಡಿದರು. 2009ರ ಸೆಪ್ಟೆಂಬರ್ 7ರಂದು ಬಲ ಬಿಟ್ಟು ಎಡಕ್ಕೆ ಬಂದರು. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿರುವ ನೆಂಟರು ಅಗ್ಗದ ಕಾರು ಕಳಿಸಲಿ ಅನ್ನುವುದೇ ಕಾರಣ. ಸಮುದ್ರದಾಚೆ ಇದ್ದರೂ ಅವರೂ ನೆರೆಯವರೇ. ಎರಡು ದಿನ ರಜೆ ಕೊಟ್ಟು, ಮದ್ಯ ಮಾರಾಟ ನಿಲ್ಲಿಸಿ, ಬದಲಾವಣೆ ಮುಗಿಸಿದರು.

ಕೊನೆಯದಾಗಿ, ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಬಾಣಂತನಕ್ಕೋ ಹೊರಟಿರುವ ಹಿರಿಯರಿಗೆ ಒಂದು ಮಾತು. 1931ರ ಡಿಸೆಂಬರ್ 13ರ ರಾತ್ರಿ ವಿನ್‌ಸ್ಟನ್ ಚರ್ಚಿಲ್ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ದಾಟುತ್ತಿದ್ದರು. ಇಂಗ್ಲೆಂಡಿನ ಅಭ್ಯಾಸದಂತೆ ತಪ್ಪು ದಿಕ್ಕಿಗೆ ನೋಡಿ ಹೆಜ್ಜೆ ಇಟ್ಟರು. ಇನ್ನೊಂದು ದಿಕ್ಕಿನಿಂದ ಬಂದ ಕಾರು ಗುದ್ದಿತು. ಬದುಕಿದ್ದೇ ಪುಣ್ಯ, ಆಸ್ಪತ್ರೆ ಸೇರಬೇಕಾಯಿತು. ನಾವು ಇಲ್ಲಿ ಫುಟ್‌ಪಾತಿನಿಂದ ಇಳಿಯುವಾಗ ಮೊದಲು ಬಲಕ್ಕೆ ನೋಡುತ್ತೇವೆ, ಹತ್ತಿರದ ಗಾಡಿ ಬರುವುದೇ ಆ ಕಡೆಯಿಂದ. ಅಮೆರಿಕದಲ್ಲಿ, ದುಬೈಯಲ್ಲಿ, ಜರ್ಮನಿಯಲ್ಲಿ ಅದು ಎಡಗಡೆಯಿಂದ ಬರುತ್ತದೆ. ಮೊದಲು ಎಡಕ್ಕೆ ನೋಡಿ, ಆಮೇಲೆ ಬಲಕ್ಕೆ, ರಸ್ತೆಗೆ ಇಳಿಯುವ ಮುಂಚೆ ಮತ್ತೊಮ್ಮೆ ಎಡಕ್ಕೆ. ಮೊಮ್ಮಕ್ಕಳ ಕೈ ಹಿಡಿದಿದ್ದರೆ ಅವರನ್ನೇ ಕೇಳಿ, ಅವರಿಗೆ ಸರಿಯಾಗಿ ಗೊತ್ತಿರುತ್ತದೆ.

ನಮಸ್ಕಾರ.